ಶುದ್ಧ ನೀರಿಗೆ ಗಿರಾಕಿ ಬೇಕಾಗಿದ್ದಾರೆ

ಊರಿನ ಹೆಸರು ಹೇಳುವುದಿಲ್ಲ. ಕಾರವಾರದಿಂದ ಭಟ್ಕಳದ ತನಕ ಹೆದ್ದಾರಿ 66ರ ಗುಂಟ ಯಾವ ಊರನ್ನು ಬೇಕಾದರೂ ಅಂದುಕೊಳ್ಳಿ. ಶಿರಸಿಯವರು ಘಟ್ಟದ ಮೇಲೆ ಕೂತು ನಗಬೇಡಿ, ನಿಮ್ಮೂರೂ ಆಗಬಹುದು. ಊರೂ ಕಲ್ಪನೆ, ಸಭೆಯೂ ಕಲ್ಪನೆ. ಗಟಾರದ ವಾಸನೆ ಮಾತ್ರ ನಿಜ.

ಆ ಊರಿನಲ್ಲಿ ಒಂದು ಕೊಳಚೆ ನೀರು ಶುದ್ಧೀಕರಣ ಘಟಕವಿದೆ. ಊರಿನ ಹೊಲಸೆಲ್ಲ ಪೈಪಿನಲ್ಲಿ ಅಲ್ಲಿಗೆ ಬರುತ್ತದೆ. ಜಾಲರಿಯಲ್ಲಿ ಪ್ಲಾಸ್ಟಿಕ್, ಚಿಂದಿ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಮರಳು ತಳಕ್ಕೆ ಕೂರುತ್ತದೆ. ಆಮೇಲೆ ದೊಡ್ಡ ತೊಟ್ಟಿಯಲ್ಲಿ ಬ್ಲೋವರ್ ಗಾಳಿ ಊದುತ್ತದೆ, ಬ್ಯಾಕ್ಟೀರಿಯಾಗಳು ಹೊಲಸನ್ನು ತಿಂದು ತಿಂದು ತಳ ಸೇರುತ್ತವೆ. ಮೇಲೆ ಉಳಿದ ತಿಳಿನೀರಿಗೆ ಒಂದಿಷ್ಟು ಕ್ಲೋರಿನ್. ಇಡೀ ಪುರಸಭೆಯಲ್ಲಿ ಸಂಬಳ, ಭತ್ಯೆ, ಬಡ್ತಿ ಕೇಳದೆ ಹಗಲು ರಾತ್ರಿ ದುಡಿಯುವವರು ಈ ಬ್ಯಾಕ್ಟೀರಿಯಾಗಳು ಮಾತ್ರ. ಅವಕ್ಕೆ ಬೇಕಾದ್ದು ಗಾಳಿ ಒಂದೇ. ಅದನ್ನೂ ಕರೆಂಟ್ ಬಿಲ್ ಜಾಸ್ತಿ ಬರುತ್ತದೆ ಅಂತ ರಾತ್ರಿ ಬಂದ್ ಮಾಡುತ್ತಾರೆ. ಸಾಹೇಬರು ತಪಾಸಣೆಗೆ ಬರುವ ದಿನ ಬೆಳಗ್ಗೆಯಿಂದಲೇ ಬ್ಲೋವರ್ ಸದ್ದು. ಆ ಸದ್ದು ಕೇಳಿಯೇ ಅಕ್ಕಪಕ್ಕದವರು ಹೇಳುತ್ತಾರೆ, ಇವತ್ತು ಯಾರೋ ಬರುವವರಿದ್ದಾರೆ.

ಶುದ್ಧವಾದ ನೀರು ಎಲ್ಲಿಗೆ ಹೋಗುತ್ತದೆ? ಹಳ್ಳಕ್ಕೆ. ಶುದ್ಧವಾಗದ ನೀರು? ಅದೂ ಅದೇ ಹಳ್ಳಕ್ಕೆ, ಇನ್ನೂರು ಮೀಟರ್ ಕೆಳಗೆ. ಎರಡೂ ಕೈ ಕೈ ಹಿಡಿದು ಸಮುದ್ರ ಸೇರುತ್ತವೆ.

ನಗರಗಳ ತ್ಯಾಜ್ಯನೀರನ್ನು ಮತ್ತೆ ಬಳಸಬೇಕು ಅಂತ ರಾಜ್ಯ ಸರ್ಕಾರ 2017ರಲ್ಲೇ ಒಂದು ನೀತಿ ಮಾಡಿದೆ. ನೀತಿಗಳಿಗೆ ಘಟ್ಟ ಇಳಿಯುವಾಗ ತಲೆ ಸುತ್ತುತ್ತದೆ, ಹಾಗಾಗಿ ಸ್ವಲ್ಪ ತಡವಾಯಿತು. ಅಂತೂ ಒಂದು ದಿನ ಮೇಲಿಂದ ಪತ್ರ ಬಂತು: ಶುದ್ಧೀಕರಿಸಿದ ನೀರನ್ನು ಸ್ಥಳೀಯ ಬಳಕೆದಾರರಿಗೆ ಕೊಟ್ಟು ವರದಿ ಕಳಿಸಿ. ಹೀಗಾಗಿ ಸಭೆ ಕರೆದರು. ಮೊದಲು ಕುಡಿಯುವ ನೀರಿನ ಬಾಟಲಿ ಹಂಚಿದರು. ಅರ್ಧರ್ಧ ಕುಡಿದು ಎಲ್ಲರೂ ಕುರ್ಚಿಯ ಕೆಳಗೆ ಇಟ್ಟರು.

ಇಂಜಿನಿಯರ್ ಎದ್ದು ನಿಂತು, "ನಮ್ಮ ನೀರಿನ ಬಿಒಡಿ ಹತ್ತಕ್ಕಿಂತ ಕಡಿಮೆ ಇದೆ" ಎಂದರು.

"ಹತ್ತು ಅಂದ್ರೆ ಪಾಸಾ, ಫೇಲಾ?" ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. "ನಮ್ಮ ಕಾಲದಲ್ಲಿ ಎಸೆಸೆಲ್ಸಿಗೆ ಮೂವತ್ತೈದು ಬೇಕಿತ್ತಲ್ವಾ?"

ನೀರಿನಲ್ಲಿ ಉಳಿದ ಹೊಲಸನ್ನು ತಿಂದು ಮುಗಿಸಲು ಎಷ್ಟು ಆಮ್ಲಜನಕ ಬೇಕು ಅನ್ನುವ ಲೆಕ್ಕ ಅದು, ಕಡಿಮೆ ಇದ್ದಷ್ಟೂ ಒಳ್ಳೆಯದು ಅಂತ ಇಂಜಿನಿಯರ್ ವಿವರಿಸಿದರು. ಯಾರೂ ನಂಬಲಿಲ್ಲ. ಅಂಕ ಕಡಿಮೆ ಬಂದರೆ ಒಳ್ಳೆಯದು ಎನ್ನುವ ಮಾತನ್ನು ಅವರೆಲ್ಲ ತಂತಮ್ಮ ಮನೆಯಲ್ಲೇ ಕೇಳಿದ್ದರು, ಮಕ್ಕಳ ಬಾಯಿಂದ.

ತೋಟದವರೊಬ್ಬರಿಗೆ ಬೇರೆ ಚಿಂತೆ. "ಆ ನೀರಲ್ಲಿ ಬೆಳೆದ ಹೂವು ದೇವರಿಗೆ ಆಗ್ತದಾ?" ಒಳ್ಳೆಯ ಪ್ರಶ್ನೆ. ಅವರ ಹಿತ್ತಲಲ್ಲಿ ಬಚ್ಚಲ ನೀರು ನೇರವಾಗಿ ಬಾಳೆಬುಡಕ್ಕೆ ಹೋಗುತ್ತದೆ. ಪಕ್ಕದಲ್ಲೇ ಕೆಸು. ಅದರ ಎಲೆಯಲ್ಲಿ ಮಳೆಗಾಲದಲ್ಲಿ ಪತ್ರೊಡೆ ಮಾಡಿ ನೆಂಟರಿಗೂ ಬಡಿಸುತ್ತಾರೆ. ಗೋಬರ್ ಗ್ಯಾಸಿನ ಸ್ಲರಿ ಅಡಿಕೆ ಮರಕ್ಕೆ. ಆದರೆ ಅದು ಸ್ವಂತ ಮನೆಯ ಬಚ್ಚಲು, ಸ್ವಂತ ಕೊಟ್ಟಿಗೆಯ ಸಗಣಿ. ಸರ್ಕಾರಿ ಕೊಳಚೆಗೆ ಜಾತಿ ಗೊತ್ತಿಲ್ಲ, ಊರಿನವರೆಲ್ಲರದ್ದೂ ಬೆರೆತಿರುತ್ತದೆ. ಅಸಲು ಚಿಂತೆ ಅಲ್ಲಿದೆ ಅಂತ ನನ್ನ ಗುಮಾನಿ.

ಮೀನುಗಾರರ ಕಡೆಯವರು ಮಾತು ಬೆಳೆಸಲಿಲ್ಲ. "ಅದರಲ್ಲಿ ಮೀನು ಬದುಕ್ತದಾ, ಅಷ್ಟು ಹೇಳಿ" ಎಂದರು. ಘಟಕದ ತೊಟ್ಟಿಗೆ ಒಂದಿಷ್ಟು ಕೆರೆಮೀನು ಬಿಟ್ಟು ನೋಡಿದರು. ಮೂರು ದಿನ ಚೆನ್ನಾಗಿ ಓಡಾಡಿಕೊಂಡಿದ್ದವು. ನಾಲ್ಕನೇ ದಿನ ಒಂದೂ ಇರಲಿಲ್ಲ. ಸತ್ತವಾ ಅಂತ ಹುಡುಕಿದರೆ ಹೆಣವೂ ಇಲ್ಲ. ರಾತ್ರಿ ಪಾಳಿಯ ಷೆಡ್ಡಿನಲ್ಲಿ ರವೆ ಹಚ್ಚಿ ಹುರಿದ ವಾಸನೆ ಇತ್ತಂತೆ. ಆ ನೀರಿನ ಮೇಲೆ ಊರು ಇಟ್ಟ ನಂಬಿಕೆಗೆ ಇರುವ ಸಾಕ್ಷಿ ಅದೊಂದೇ.

ಸದಸ್ಯರೊಬ್ಬರು ಓದಿಕೊಂಡು ಬಂದಿದ್ದರು. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ ದಿನಕ್ಕೆ 44 ಕೋಟಿ ಲೀಟರ್ ಶುದ್ಧೀಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಕೊಡುವ ಯೋಜನೆ 2018ರಲ್ಲಿ ಶುರುವಾಯಿತು, ನಮೀಬಿಯಾ ದೇಶದ ವಿಂಡ್‌ಹೋಕ್‌ನಲ್ಲಿ 1968ರಿಂದ ಇಂಥ ನೀರನ್ನು ಇನ್ನೂ ಶುದ್ಧ ಮಾಡಿ ಕುಡಿಯುತ್ತಿದ್ದಾರೆ ಎಂದೆಲ್ಲ ಹೇಳಿದರು. ಕೋಲಾರದವರು ಎರಡು ಹಂತ ಸಾಲದು, ಮೂರನೇ ಹಂತದ ಶುದ್ಧೀಕರಣವೂ ಆಗಲಿ ಅಂತ ಜಗಳ ಮಾಡುತ್ತಿರುವುದನ್ನು ಹೇಳಲಿಲ್ಲ. ಅದು ನ್ಯಾಯವಾದ ಜಗಳ. ರಾತ್ರಿ ಬ್ಲೋವರ್ ಬಂದ್ ಮಾಡುವ ಊರಿನಲ್ಲಂತೂ ಮೊದಲು ಆ ಜಗಳವೇ ಆಗಬೇಕು. ಆದರೆ ಇಲ್ಲಿ ಆ ಪ್ರಶ್ನೆ ಯಾರೂ ಕೇಳಲಿಲ್ಲ.

"ಅವರದ್ದು ಬರಗಾಲದ ಊರು ಮಾರಾಯ್ರೆ" ಎಂದರು ಅಧ್ಯಕ್ಷರು. "ನಮಗೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮಳೆ. ನಮಗ್ಯಾಕೆ ಚರಂಡಿ ನೀರು?" ಚಪ್ಪಾಳೆ ಬಿತ್ತು. ಹೊರಗೆ ಟ್ಯಾಂಕರ್ ಹಾರ್ನ್ ಮಾಡಿತು, ಅರ್ಧ ಸಭೆ ಕೊಡ ಹಿಡಿದು ಓಡಿತು. ಮೇ ತಿಂಗಳು ನೋಡಿ.

ಒಂದು ಮಾತು ಹೇಳಲೇಬೇಕು. ಕರಾವಳಿಯಲ್ಲಿ ಮನೆಗೊಂದು ಬಾವಿ, ಮನೆಗೊಂದು ಶೌಚದ ಗುಂಡಿ. ಐದು ಗುಂಟೆ ಜಾಗದಲ್ಲಿ ಎರಡೂ ಇರಬೇಕು. ನಮ್ಮ ಗುಂಡಿ ನಮ್ಮ ಬಾವಿಯಿಂದ ದೂರ ಅಂತ ಬೇಲಿ ಬದಿಗೆ ತೋಡುತ್ತೇವೆ. ಬೇಲಿಯಾಚೆ ಪಕ್ಕದ ಮನೆಯವರ ಬಾವಿ. ಅವರೂ ಹಾಗೇ ಮಾಡಿದ್ದಾರೆ. ಮರಳು ನೆಲ, ಮಳೆಗಾಲದಲ್ಲಿ ಅಂತರ್ಜಲ ಕೈಗೆ ಸಿಗುವಷ್ಟು ಮೇಲೆ. ಬ್ಲೋವರ್ ಇಲ್ಲ, ಕ್ಲೋರಿನ್ ಇಲ್ಲ, ಲ್ಯಾಬ್ ವರದಿ ಇಲ್ಲ. ವಿಂಡ್‌ಹೋಕಿನವರು ಕೋಟಿಗಟ್ಟಲೆ ಸುರಿದು ಮಾಡಿದ್ದನ್ನು ನಾವು ತಲೆತಲಾಂತರದಿಂದ ಪುಕ್ಕಟೆ ಮಾಡಿಕೊಂಡಿದ್ದೇವೆ, ಶುದ್ಧೀಕರಣ ಒಂದನ್ನು ಬಿಟ್ಟು. ನಲ್ಲಿ ನೀರಿನವರೂ ಬೀಗಬೇಕಿಲ್ಲ. ಕಾರವಾರಕ್ಕೆ ನೀರು ಕೊಡುವ ಗಂಗಾವಳಿ ಧಾರವಾಡದ ಕಡೆಯಿಂದ ಇಳಿದು ಬರುತ್ತಾಳೆ. ದಾರಿಯ ಊರಿನವರೆಲ್ಲ ಮಿಂದು, ಎಮ್ಮೆ ತೊಳೆದು, ಬಟ್ಟೆ ಒಗೆದು ನಮಗೆ ಕಳಿಸಿಕೊಡುತ್ತಾರೆ. ಅದು ತೀರ್ಥ.

ಕೊನೆಗೆ ದರದ ವಿಷಯ ಬಂತು. ಹೆದ್ದಾರಿ ಕಾಮಗಾರಿಯ ಕಂಟ್ರಾಕ್ಟರು ತಾನು ತೆಗೆದುಕೊಳ್ಳುತ್ತೇನೆ ಎಂದರು. ಧೂಳಿಗೆ ಹೊಡೆಯಲು, ಕಾಂಕ್ರೀಟ್ ನೆನೆಸಲು ಧಾರಾಳ ಸಾಕು. ಟ್ಯಾಂಕರಿಗೆ ಎಷ್ಟು ಅಂತ ಕೇಳಿದರು. ದರ ಕೇಳಿ ನಗುತ್ತಾ ಕೂತರು. ಕುಡಿಯುವ ನೀರಿಗಿಂತ ದುಬಾರಿ! ರಾತ್ರಿ ಹೊಳೆಗೆ ಪಂಪ್ ಇಳಿಸಿದರೆ ಡೀಸೆಲ್ ಖರ್ಚು ಮಾತ್ರ. ಬೆಂಗಳೂರಿನಲ್ಲಿ 2024ರ ಬೇಸಿಗೆಯಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಹಾಕಿದ್ದರು. ಇಲ್ಲೂ ಹಾಕೋಣ ಅಂತ ಒಬ್ಬರು ಸಲಹೆ ಕೊಟ್ಟರು. ಹಾಗೆ ದಂಡ ಹಾಕಿದರೆ ಮೊದಲ ರಸೀದಿ ಪುರಸಭೆಯ ಜೀಪಿಗೇ ಹರಿಯಬೇಕಾಗುತ್ತದೆ, ಆದ್ದರಿಂದ ಆ ಸಲಹೆ ಕೈಬಿಟ್ಟರು.

ಪೈಪು ಹಾಕುವುದು ಎಂದಾಯಿತು. ಇಂಥ ನೀರಿನ ಪೈಪಿಗೆ ನೇರಳೆ ಬಣ್ಣ ಬಳಿಯುತ್ತಾರೆ, ಕುಡಿಯುವ ನೀರಿನ ಪೈಪಿಗೆ ತಪ್ಪಿ ಜೋಡಿಸಬಾರದು ಅಂತ. ಬಣ್ಣದ ಟೆಂಡರ್ ಬೇಗ ಆಯಿತು. ಪೈಪಿನದ್ದು ಆಗಿಲ್ಲ. ಬಣ್ಣ ಒಣಗಿ ಹೋಗಬಾರದಲ್ಲ, ಪುರಸಭೆಯ ಕಾಂಪೌಂಡಿಗೆ ಬಳಿದಿದ್ದಾರೆ. ಚೆನ್ನಾಗೇ ಕಾಣುತ್ತದೆ.

ನೀರು ಬೇಕಾದವರು ಅರ್ಜಿ ಕೊಡಬೇಕು. ಆಧಾರ್ ಪ್ರತಿ, ತೆರಿಗೆ ರಸೀದಿ, ಎರಡು ಫೋಟೋ, ಈ ನೀರನ್ನು ಕುಡಿಯುವುದಿಲ್ಲ ಎಂದು ಛಾಪಾ ಕಾಗದದಲ್ಲಿ ಪ್ರಮಾಣ. ಇದುವರೆಗೆ ಒಂದೂ ಅರ್ಜಿ ಬಂದಿಲ್ಲ. ಘಟಕದ ಗೇಟಿನ ಒಳಗೆ ಉದ್ಘಾಟನೆಗೆಂದು ಬೆಳೆಸಿದ ಹುಲ್ಲುಹಾಸಿದೆ, ಅದಕ್ಕೆ ದಿನ ಬಿಟ್ಟು ದಿನ ಕುಡಿಯುವ ನೀರಿನ ಟ್ಯಾಂಕರ್ ಬರುತ್ತದೆ. ಹತ್ತು ಹೆಜ್ಜೆ ಆಚೆ ತೊಟ್ಟಿ ತುಂಬಿ ಹಳ್ಳಕ್ಕೆ ಹರಿಯುತ್ತಿರುತ್ತದೆ. ಅದನ್ನೇ ಹಾಕಬಾರದಾ ಅಂತ ಘಟಕದವರನ್ನು ಕೇಳಿದೆ.

"ಹಾಕಬಹುದು ಸಾರ್. ನಾವೂ ಅರ್ಜಿ ಕೊಡಬೇಕಂತೆ. ಫಾರ್ಮ್ ಖಾಲಿಯಾಗಿದೆ."