ರೈ ಅಂದರೆ ಬಸ್ಸು ಹೊರಡುತ್ತದೆ

ನನ್ನ ಹೆಸರಿನ ಬಾಲದಲ್ಲಿ ಒಂದೇ ಒಂದು ಅಕ್ಷರ ಇದೆ, ರೈ. ಊರು ಪುತ್ತೂರು. ಅಲ್ಲಿ ಈ ಅಕ್ಷರಕ್ಕೆ ಕಿಮ್ಮತ್ತೇನೂ ಇಲ್ಲ. ಮದುವೆ ಊಟದಲ್ಲಿ "ರೈಗಳೇ" ಅಂತ ಕರೆದರೆ ಅರ್ಧ ಪಂಕ್ತಿ ತಿರುಗಿ ನೋಡುತ್ತದೆ. ತೊಂದರೆ ಶುರುವಾಗುವುದು ಶಿರಾಡಿ ಘಾಟಿ ಹತ್ತಿದ ಮೇಲೆ.

ಬೆಂಗಳೂರಲ್ಲಿ ಬಾಡಿಗೆ ಮನೆ ಕೇಳಲು ಹೋಗಿದ್ದೆ. ಓನರ್ ಆಂಟಿ ಆಧಾರ್ ಕಾರ್ಡ್ ಓದುತ್ತಾ ಕನ್ನಡಕ ಮೇಲೆತ್ತಿದರು. "ರೈ ಅಂದ್ರೆ... ಐಶ್ವರ್ಯಾ ರೈ ಕಡೆಯವರಾ?" ನಾನು ಹರಿಶ್ಚಂದ್ರನ ವಂಶದವನಂತೆ "ಇಲ್ಲ ಆಂಟಿ" ಅಂದುಬಿಟ್ಟೆ. ಅವರ ಮುಖ ಬಾಡಿತು. ಅಡ್ವಾನ್ಸ್ ಒಂದು ರೂಪಾಯಿಯೂ ಇಳಿಯಲಿಲ್ಲ.

ಐಶ್ವರ್ಯಾ ಹುಟ್ಟಿದ್ದು ಮಂಗಳೂರಲ್ಲೇ, ಅದೂ ನವೆಂಬರ್ 1ರಂದು. ಅಷ್ಟಕ್ಕೆ ಸಂಬಂಧ ಆಗುತ್ತದಾ? ನಮ್ಮ ಬಂಟ ಸಮುದಾಯದಲ್ಲಿ ನೆಂಟಸ್ತನ ನೋಡುವುದು ಸರ್‌ನೇಮಿನಿಂದ ಅಲ್ಲ, ಬಳಿಯಿಂದ, ಅಂದರೆ ಗೋತ್ರದಂಥ ಕುಲದ ಗುರುತಿನಿಂದ. ಬಳಿ ಬರುವುದು ತಾಯಿ ಕಡೆಯಿಂದ. ಒಂದೇ ಮನೆಯಲ್ಲಿ ಗಂಡ ಶೆಟ್ಟಿ, ಹೆಂಡತಿ ರೈ, ಭಾವ ಆಳ್ವ ಇರಬಹುದು. ಇದನ್ನೆಲ್ಲ ಆಂಟಿಗೆ ಬಿಡಿಸಿ ಹೇಳುವಷ್ಟರಲ್ಲಿ ಕಾಫಿ ಆರಿತು.

ಆಮೇಲೆ ನನಗೊಂದು ಅನುಮಾನ ಹುಟ್ಟಿತು. ದೊಡ್ಡವರಾದ ರೈಗಳೆಲ್ಲ ಮೊದಲು ಈ ರೈಯನ್ನೇ ಕಳಚಿ ಇಟ್ಟಿದ್ದಾರಾ ಅಂತ. ಹಿಂದಿ ಕಥೆಗಾರ ಪ್ರೇಮಚಂದರ ಹುಟ್ಟುಹೆಸರು ಧನಪತ್ ರೈ. ಟಿವಿಯಲ್ಲಿ 'ಗುಡ್ಡದ ಭೂತ' ಧಾರಾವಾಹಿಯಲ್ಲಿದ್ದ ನಮ್ಮ ಪ್ರಕಾಶ್ ರೈ ತಮಿಳಿಗೆ ಹೋಗಿ ಪ್ರಕಾಶ್ ರಾಜ್ ಆದರು. 1997ರ 'ಇರುವರ್' ಐಶ್ವರ್ಯಾ ಅವರ ಮೊದಲ ಸಿನಿಮಾ. ಪ್ರಕಾಶ್ ಕೂಡ ಅದರಲ್ಲಿದ್ದಾರೆ. ಒಂದೇ ಸಿನಿಮಾದಲ್ಲಿ ಇಬ್ಬರು ರೈಗಳು, ಆದರೆ ಹೆಸರಿನಲ್ಲಿ ಉಳಿದದ್ದು ಒಂದೇ ರೈ!

ಕಯ್ಯಾರ ಕಿಞ್ಞಣ್ಣ ರೈಗಳು ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಕಾಸರಗೋಡಿನ ಕವಿ. ಹುಟ್ಟಿದ್ದು 1915ರಲ್ಲಿ, ತೀರಿಕೊಂಡದ್ದು 2015ರಲ್ಲಿ. ನೂರು ವರ್ಷ ರೈಯಾಗಿಯೇ ಇದ್ದರು. ನನಗೋ ಇನ್ನೂ ನಲವತ್ತು, ಆಗಲೇ ಸುಸ್ತು.

2018ರಲ್ಲಿ ಇನ್ನೊಂದು ಬಂತು. ರಿಷಬ್ ಶೆಟ್ಟಿಯವರ ಸಿನಿಮಾ, ಕಾಸರಗೋಡಿನ ಸರ್ಕಾರಿ ಶಾಲೆಯದು. ಅದರ ಹೆಸರಿನ ಕೊನೆಯಲ್ಲಿ 'ಕೊಡುಗೆ: ರಾಮಣ್ಣ ರೈ' ಅಂತ ಇದೆ. ಆಫೀಸಿನಲ್ಲಿ ವಾರಗಟ್ಟಲೆ ಕ್ಯಾಂಟೀನ್ ಬಿಲ್ ನನ್ನ ಕಡೆಗೇ ಜರುಗಿತು. "ಕೊಡುಗೆ ರೈ ಅವರದ್ದು ಅಲ್ವಾ?"

ಇದೆಲ್ಲ ಸಹಿಸಬಹುದು. ಬಸ್ಸಿನದು ಬೇರೆ ಕಥೆ.

ರಾತ್ರಿ ಬಸ್ಸು, ಊರಿಗೆ ಹೋಗುತ್ತಿದ್ದೆ. ಹಾಸನದ ಆಚೆ ಚಾ ಕುಡಿಯಲು ನಿಲ್ಲಿಸಿದರು. ನಾನು ಇಳಿದು ಮೂಲೆಯ ಗೂಡಂಗಡಿಯಲ್ಲಿ ಕಡ್ಲೆಬೀಜದ ಪೊಟ್ಟಣ ಕಟ್ಟಿಸುತ್ತಿದ್ದೆ. ಬಸ್ಸಿನಲ್ಲಿದ್ದ ಗೆಳೆಯನಿಗೆ ನನ್ನ ಚಿಂತೆ. ಬಾಗಿಲಿಗೆ ಬಂದು, ಬಸ್ಸಿನ ಮೈಗೆ ಎರಡು ಸಲ ತಟ್ಟಿ, ಗಟ್ಟಿಯಾಗಿ ಕೂಗಿದ.

"ರೈ! ರೈ!"

ಡ್ರೈವರ್ ಗೇರ್ ಹಾಕಿದ.

ಗೆಳೆಯ ಗಾಬರಿಯಿಂದ ಇನ್ನೂ ಜೋರಾಗಿ "ರೈ! ಅಯ್ಯೋ ರೈ!" ಅಂದ. ಬಸ್ಸು ಇನ್ನೂ ಜೋರಾಗಿ ಓಡಿತು. 'ಹೋಲ್ಡಾನ್' ಅನ್ನುವ ಶಬ್ದ ಆ ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ. ನಾನು ಒಂದು ಕೈಯಲ್ಲಿ ಲುಂಗಿ, ಇನ್ನೊಂದರಲ್ಲಿ ಪೊಟ್ಟಣ ಹಿಡಿದು ಹೈವೇಯಲ್ಲಿ ಓಡಿದೆ. ಅಂತೂ ಪೆಟ್ರೋಲ್ ಬಂಕಿನ ಹತ್ತಿರ ನಿಂತಿತು.

ಹತ್ತಿದೆ. ಕಂಡಕ್ಟರ್ ಟಾರ್ಚ್ ಹಿಡಿದು ಸಿಡುಕಿದ. "ಯಾರ್ರೀ ಅದು ರೈಟ್ ಕೊಟ್ಟಿದ್ದು?"

"ರೈಟ್ ಅಲ್ಲ ಸಾರ್, ರೈ. ನನ್ನ ಹೆಸರು."

ಟಾರ್ಚ್ ನಿಧಾನಕ್ಕೆ ನನ್ನ ಮುಖದ ಮೇಲೆ ಬಂತು. ಸಿಡುಕು ಮಾಯ. ಪಕ್ಕದ ಸೀಟಿನವರೂ ಎದ್ದು ಕೂತರು.

"ಹೌದಾ ಸಾರ್? ಐಶ್ವರ್ಯಾ ರೈ ನಿಮಗೆ ಏನಾಗ್ಬೇಕು?"

ಕಾಲು ನೋಯುತ್ತಿತ್ತು. ಮುಂದಿನ ಸೀಟು ಖಾಲಿ ಇತ್ತು.

"ಚಿಕ್ಕಮ್ಮನ ಮಗಳು" ಅಂದೆ.