ಕರೆಂಟ್ ಹೋದರೆ ರೈಲಿನ ಬ್ರೇಕೂ ಹೋಗುತ್ತದೆಯೇ? ಒಂದು ಸ್ಪಷ್ಟನೆ

'ಹೊಸ ರೈಲುಗಳದ್ದು ಎಲೆಕ್ಟ್ರಾನಿಕ್ ಬ್ರೇಕ್. ಕರೆಂಟ್ ಹೋದರೆ ಸಕಲೇಶಪುರ ಘಾಟಿಯಲ್ಲಿ ರೈಲು ನಿಲ್ಲುವುದೇ ಇಲ್ಲ' ಎಂಬ ಸಂದೇಶ ನಮ್ಮ ಶಿವಮೊಗ್ಗದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ನಿಜ ಸಂಗತಿ ಹೆಚ್ಚುಕಮ್ಮಿ ತಿರುವುಮುರುವು.

ಬ್ರೇಕ್ ಹಿಡಿಯುವುದು ಗಾಳಿಯೇ, ಕರೆಂಟ್ ಅಲ್ಲ. ಎಂಜಿನ್‌ನಿಂದ ಕೊನೆಯ ಬೋಗಿವರೆಗೆ ಹೋಗುವ ಬ್ರೇಕ್ ಪೈಪಿನಲ್ಲಿ ಚದರ ಸೆಂ.ಮೀ.ಗೆ 5 ಕೆ.ಜಿ. ಒತ್ತಡ ತುಂಬಿರುತ್ತದೆ. ಅದು ಇಳಿದರೆ, ಪೈಪ್ ಒಡೆದರೂ ಬೋಗಿ ಕಳಚಿದರೂ, ಪ್ರತಿ ಬೋಗಿಯಡಿಯ ಟ್ಯಾಂಕಿನ ಗಾಳಿ ನುಗ್ಗಿ ಬ್ರೇಕ್ ಕಚ್ಚಿಕೊಳ್ಳುತ್ತದೆ. ಜಾರ್ಜ್ ವೆಸ್ಟಿಂಗ್‌ಹೌಸ್ 1872ರ ಹೊತ್ತಿಗೇ ಕಂಡುಕೊಂಡ ಉಪಾಯವಿದು. ಚೈನ್ ಎಳೆದಾಗ 'ಸುಸ್ಸ್' ಎನ್ನುವುದೂ ಇದೇ ಗಾಳಿ.

ಹಾಗಾದರೆ ಎಲೆಕ್ಟ್ರಾನಿಕ್ಸ್ ಯಾಕೆ? ಸುದ್ದಿ ಮುಟ್ಟಿಸಲು. ಪೈಪಿನಲ್ಲಿ ಒತ್ತಡದ ಇಳಿತ ಬಾಲದ ಬೋಗಿ ತಲುಪಲು ಕೆಲವು ಸೆಕೆಂಡು ಬೇಕು; ಅಷ್ಟರಲ್ಲಿ ಹಿಂದಿನವು ಮುಂದಿನವನ್ನು ಗುದ್ದುತ್ತವೆ, ನಿಮ್ಮ ಕೈಯ ಕಾಫಿ ಚೆಲ್ಲುತ್ತದೆ. ತಂತಿಯಲ್ಲಿ ಹೋದ ಸೂಚನೆ ಎಲ್ಲ ಬೋಗಿಗೂ ಒಟ್ಟಿಗೇ ಸಿಗುತ್ತದೆ. ವಂದೇ ಭಾರತ್‌ನಲ್ಲಿರುವುದು ಇಂಥ ವ್ಯವಸ್ಥೆ. ಸೂಚನೆ ಕೈಕೊಟ್ಟರೂ ರೈಲು ನಿಲ್ಲಿಸಲು ಗಾಳಿ ಇದ್ದೇ ಇದೆ.

ಒಂದು ಮಾತು ಮಾತ್ರ ಒಪ್ಪಬೇಕು: ಎಂಜಿನ್ ಬಿಚ್ಚಿ ಬಹಳ ಹೊತ್ತು ನಿಲ್ಲಿಸಿದ ಬೋಗಿಗಳ ಟ್ಯಾಂಕಿನ ಗಾಳಿ ಮೆಲ್ಲಗೆ ಸೋರುತ್ತದೆ. ಅದಕ್ಕೇ ಹ್ಯಾಂಡ್ ಬ್ರೇಕ್ ತಿರುಗಿಸಿ, ಚಕ್ರಕ್ಕೆ ಅಡ್ಡ ಕೊಟ್ಟಿರುತ್ತಾರೆ.