ಕೆಂಪು ಪಟ್ಟಿ ಬಿದ್ದರೆ ಸ್ಪೋರ್ಟ್ಸ್ ಕಾರ್

ಹುಬ್ಬಳ್ಳಿಯಲ್ಲಿ ಸಾದಾ ಕಾರನ್ನು ಸ್ಪೋರ್ಟ್ಸ್ ಕಾರ್ ಮಾಡಲು ಒಂದು ಮಧ್ಯಾಹ್ನ ಸಾಕು. ಆಕ್ಸೆಸರೀಸ್ ಅಂಗಡಿ ಮುಂದೆ ಗಾಡಿ ನಿಲ್ಲಿಸಿ, ಒಂದು ಚಹಾ ಕುಡಿದು ಬರುವಷ್ಟರಲ್ಲಿ ಬಾನೆಟ್ ಮೇಲೆ ಎರಡು ಕೆಂಪು ಪಟ್ಟಿ, ಸೀಟಿಗೆ ಕೆಂಪು ಹೊಲಿಗೆಯ ಕವರ್, ಪೆಡಲ್ಲಿಗೆ ತೂತಿರುವ ಅಲ್ಯೂಮಿನಿಯಂ ತಗಡು, ಡಿಕ್ಕಿ ಮೇಲೊಂದು ರೆಕ್ಕೆ. "ಅಣ್ಣಾರ, ಈ ಪೆಡಲ್ ಹಚ್ಚಿದ್ರ ಪಿಕಪ್ ಬ್ಯಾರೇನ ಬರ್ತದ್ರಿ" ಅಂತಾನೆ ಅಂಗಡಿ ಹುಡುಗ. ಎಂಜಿನ್ ಕಡೆ ಯಾರೂ ತಿರುಗಿ ಕೂಡ ನೋಡಿರುವುದಿಲ್ಲ. ಸುಮ್ನೆ ಪಾಪ ಅದಕ್ಕೇಕೆ ತೊಂದರೆ, ಅಲ್ವಾ?

ಆ ರೆಕ್ಕೆ ವಿಷಯ ಸ್ವಲ್ಪ ನೋಡೋಣ. ಗಾಳಿಯ ಬಲದಿಂದ ಕಾರಿನ ಹಿಂಭಾಗವನ್ನು ನೆಲಕ್ಕೆ ಒತ್ತುವುದು ಅದರ ಕೆಲಸ. ವೇಗ ದುಪ್ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಅಂದರೆ ಗಂಟೆಗೆ 200 ಕಿ.ಮೀ. ಓಡುವಾಗ ಸಿಗುವ ಒತ್ತಡದಲ್ಲಿ 25ರಲ್ಲಿ ಒಂದು ಪಾಲು ಮಾತ್ರ 40ರಲ್ಲಿ ಸಿಗುತ್ತದೆ. ಚೆನ್ನಮ್ಮ ಸರ್ಕಲ್ಲಿನಲ್ಲಿ ಸಂಜೆ ಆರಕ್ಕೆ 40 ಹೊಡೆದವರು ಯಾರಾದರೂ ಇದ್ದರೆ ಕರೆದು ಶಾಲು ಹೊದಿಸಬೇಕು. ಇನ್ನೊಂದು ಮಜಾ ಇದೆ. ನಮ್ಮ ಸಣ್ಣ ಕಾರುಗಳಲ್ಲಿ ಎಂಜಿನ್ನಿನ ಶಕ್ತಿ ಹೋಗುವುದು ಮುಂದಿನ ಗಾಲಿಗೆ, ರೆಕ್ಕೆ ಒತ್ತುವುದು ಹಿಂದಿನ ಗಾಲಿಯನ್ನು. ಹಾಗಂತ ಉಪಯೋಗವೇ ಇಲ್ಲ ಅನ್ನಲಾಗದು. ಉಣಕಲ್ ಕೆರೆ ಹತ್ತಿರ ಗಾಡಿ ನಿಲ್ಲಿಸಿ ಗಿರ್ಮಿಟ್ ತಿನ್ನುವಾಗ ಪ್ಲೇಟ್ ಇಡಲು ಸರಿಯಾದ ಎತ್ತರ, ಮಿರ್ಚಿಗೂ ಜಾಗ ಉಳಿಯುತ್ತದೆ.

ಹುಡುಗರನ್ನಷ್ಟೇ ಬೈದು ಏನು ಮಾಡುವುದು? ಕಂಪನಿಗಳೇ ಅದೇ ಎಂಜಿನ್ನಿಗೆ ಒಂದು ಬ್ಯಾಡ್ಜ್ ಅಂಟಿಸಿ ಸ್ಪೋರ್ಟ್ಸ್ ಅನ್ನುತ್ತವೆ. ಎಸ್‌ಯುವಿಯ ಮೊದಲ ಅಕ್ಷರಕ್ಕೂ ಸ್ಪೋರ್ಟ್ಸ್ ಅಂತಲೇ ಅರ್ಥ. ಸರ್ಕಾರ ಇದನ್ನು ಎಷ್ಟು ಸೀರಿಯಸ್ಸಾಗಿ ತೆಗೆದುಕೊಂಡಿದೆ ಅಂದರೆ, ಜಿಎಸ್‌ಟಿ ಲೆಕ್ಕಕ್ಕೆ ಟೇಪು ಹಿಡಿದು ಅಳೆದಿದೆ: ಎಂಜಿನ್ 1500 ಸಿಸಿ ದಾಟಬೇಕು, ಉದ್ದ 4000 ಮಿ.ಮೀ. ದಾಟಬೇಕು, ನೆಲಕ್ಕೂ ಹೊಟ್ಟೆಗೂ ನಡುವೆ 170 ಮಿ.ಮೀ.ಗೆ ಕಡಿಮೆ ಇರಬಾರದು. ಆಗ ಅದು ಕಾನೂನಿನ ಕಣ್ಣಲ್ಲಿ ಎಸ್‌ಯುವಿ, 2025ರ ಸೆಪ್ಟೆಂಬರ್ 22ರಿಂದ ತೆರಿಗೆ 40 ಪರ್ಸೆಂಟ್. ಈ ಅಳತೆಯಲ್ಲಿ ಆಟದ ಲಕ್ಷಣ ಎಲ್ಲಿದೆ ಅಂತ ಹುಡುಕಬೇಡಿ. ಹೊಟ್ಟೆ ಎತ್ತರಕ್ಕಿದ್ದಷ್ಟೂ ಸ್ಪೋರ್ಟ್ಸ್! ನಿಜವಾದ ಸ್ಪೋರ್ಟ್ಸ್ ಕಾರು ಮಾತ್ರ ತಿರುವಿನಲ್ಲಿ ವಾಲಬಾರದು ಅಂತ ನೆಲಕ್ಕೆ ಹತ್ತಿಕೊಂಡೇ ಇರುತ್ತದೆ. ಅದನ್ನು ನಮ್ಮ ಕಡೆ ತಂದರೆ ಮೊದಲ ಹಂಪ್ ಮೇಲೇ ಕೂತುಬಿಡುತ್ತದೆ. ರಸ್ತೆ ಎಂಜಿನಿಯರುಗಳ ಪುಸ್ತಕದಲ್ಲಿ ಹಂಪ್ ಎತ್ತರ 10 ಸೆಂ.ಮೀ. ಅಂತಿದೆ. ನಮ್ಮ ಓಣಿಯ ಹಂಪ್ ಕಟ್ಟಿದವರು ಆ ಪುಸ್ತಕ ಓದುವವರಲ್ಲ.

ಹಾಗಾದರೆ ಅಸಲಿ ಯಾವುದು? 1989ರ ಮಾಜ್ದಾ ಮಿಯಾಟಾ ತೆಗೆದುಕೊಳ್ಳಿ. ಎರಡೇ ಸೀಟು, 1.6 ಲೀಟರ್ ಎಂಜಿನ್, ತಾಕತ್ತು ಹೆಚ್ಚುಕಡಿಮೆ 115 ಕುದುರೆ, ತೂಕ ಒಂದು ಟನ್ನಿಗಿಂತ ಕಡಿಮೆ. ಮದುವೆ ದಿಬ್ಬಣದ ಮುಂದೆ ಹೂವು ಕಟ್ಟಿಕೊಂಡು ಹೋಗುವ ನಮ್ಮ ದೊಡ್ಡ ಡೀಸೆಲ್ ಗಾಡಿಗೆ ಇದಕ್ಕಿಂತ ಜಾಸ್ತಿ ತಾಕತ್ತಿದೆ. ಆದರೆ ಮೈ ಭಾರವೂ ಹತ್ತಿರ ಹತ್ತಿರ ಎರಡು ಪಟ್ಟು. ಜಗತ್ತು ಸ್ಪೋರ್ಟ್ಸ್ ಕಾರ್ ಅಂತ ಒಪ್ಪಿದ್ದು ಹಗುರವಾದ, ತಿರುವಿನಲ್ಲಿ ಹೇಳಿದ ಮಾತು ಕೇಳುವ ಆ ಸಣ್ಣ ಗಾಡಿಯನ್ನು. ದೂರ ಯಾಕೆ, ಪಕ್ಕದ ಗೋವಾದಲ್ಲೇ ಸ್ಯಾನ್ ಸ್ಟಾರ್ಮ್ ಅಂತ ಒಂದು ಕಾರು ತಯಾರಾಗುತ್ತಿತ್ತು. ಫೈಬರ್ ಮೈ, ಎರಡು ಸೀಟು, ಸುಮಾರು 60 ಕುದುರೆ. ನಮ್ಮವರು ಅದನ್ನು ಬೆಳೆಸಲಿಲ್ಲ. ಎರಡೇ ಸೀಟಿದ್ದರೆ ಅತ್ತೆ, ಮಾವ, ಗೋಧಿ ಚೀಲ ಎಲ್ಲಿ ಕೂರಬೇಕು?

ಇಷ್ಟೆಲ್ಲ ಓದಿ ನೋಡಿದ ಮೇಲೆ ನನಗನಿಸಿದ್ದು, ಅವಳಿ ನಗರದಲ್ಲಿ ಪುಸ್ತಕದ ಲಕ್ಷಣಗಳಿಗೆ ಹತ್ತಿರ ಬರುವ ಗಾಡಿ ಒಂದೇ, ಆಟೋರಿಕ್ಷಾ. ನಗಬೇಡಿ. ಎಂಜಿನ್ ಹಿಂದೆ, ಓಡಿಸುವ ಗಾಲಿಯೂ ಹಿಂದೆ, ಪೋರ್ಶೆ 911ರಲ್ಲೂ ಹಾಗೇ ಇರುವುದು. ಮೈ ಹಗುರ, ಮೇಲೆ ರೆಕ್ಸಿನ್ ಟಾಪು, ಬಾಗಿಲೇ ಇಲ್ಲ. ದುರ್ಗದಬೈಲಿನಲ್ಲಿ ತರಕಾರಿ ಬುಟ್ಟಿಗೂ ಎಮ್ಮೆಗೂ ನಡುವಿನ ಎರಡು ಮೊಳ ಜಾಗದಲ್ಲಿ ಅದು ತಿರುಗುವುದನ್ನು ನೋಡಿದರೆ ಹ್ಯಾಂಡ್ಲಿಂಗ್ ಅಂದರೇನು ಅಂತ ಬೇರೆ ಹೇಳಬೇಕಿಲ್ಲ. ಮೂರೇ ಗಾಲಿ ಅಂತ ತಕರಾರು ತೆಗೆಯುವವರಿಗೆ: ಇಂಗ್ಲೆಂಡಿನ ಮೋರ್ಗನ್ ಕಂಪನಿ ಶುರುವಾಗಿದ್ದೇ ಮೂರು ಗಾಲಿಯ ಗಾಡಿಯಿಂದ, 2011ರಲ್ಲಿ ಅದನ್ನು ಮತ್ತೆ ಹೊರತಂದು ಸಾಹುಕಾರರಿಗೆ ಮಾರಿತು. ಅದಕ್ಕೆ ಮುಂದೆ ಎರಡು ಗಾಲಿ, ಹಿಂದೆ ಒಂದು. ನಮ್ಮದು ಉಲ್ಟಾ, ಅಷ್ಟೇ.

ಬಿಆರ್‌ಟಿಎಸ್‌ನ ಚಿಗರಿ ಬಸ್ಸನ್ನೂ ಈ ಪಟ್ಟಿಗೆ ಸೇರಿಸೋಣ ಅಂದುಕೊಂಡೆ. ಹುಬ್ಬಳ್ಳಿ-ಧಾರವಾಡದ ನಡುವೆ, ರೈಲು ಬಿಟ್ಟರೆ, ಸ್ವಂತ ಟ್ರ್ಯಾಕ್ ಇರುವ ಗಾಡಿ ಅದೊಂದೇ ತಾನೇ. ತೂಕ ನೋಡಿ ಬಿಟ್ಟೆ.

ಈ ಶೋಧವನ್ನು ಸ್ಟ್ಯಾಂಡಿನಲ್ಲಿದ್ದ ಆಟೋ ಕಾಕಾ ಒಬ್ಬರ ಮುಂದೆ ಹೇಳಿದೆ. ಪೂರ್ತಿ ಕೇಳಿದರು, ಎಲೆಯಡಿಕೆ ಒಂದು ಕಡೆಗೆ ಸರಿಸಿದರು. "ಸ್ಪೋರ್ಟ್ಸ್ ಅಂದ್ರ ಇನ್ಶೂರೆನ್ಸ್ ಜಾಸ್ತಿ ಬೀಳ್ತದೇನ್ರಿ?" ಬೀಳಬಹುದು ಅಂದೆ. "ಹಂಗಾರ ಬ್ಯಾಡ್ರಿ, ಆಟೋ ಅಂತನ ಇರ್ಲಿ. ಎಲ್ಲಿಗೆ ಹೋಗೂದೈತಿ ಹೇಳ್ರಿ."